ಮೈಕಿಗೆ ಸಿಗದ ಅಳು

ಗಂಡ ಸತ್ತ ದಿನ ಚಂಪಾಬಾಯಿ ಅಳಲಿಲ್ಲವಂತೆ.

ಹೀಗೆ ಹೇಳಿದವಳು ನಾದಿನಿ ಮಾಣಿಕಬಾಯಿ. ಒಮ್ಮೆ ಹೇಳಿ ಬಾಯಿ ಮುಚ್ಚಿದ್ದರೆ ಸಂಕಟದ ಮಾತು ಎಂದು ಬಿಟ್ಟುಬಿಡಬಹುದಿತ್ತು. ಮೂರನೆಯ ದಿನ ಹೇಳಿದಳು. ಹನ್ನೊಂದನೆಯ ದಿನ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ಎಲೆಗೊಮ್ಮೆ ಹೇಳಿದಳು. ಆಮೇಲೆ ಮರಾಠಿ ಸೀಮೆಯ ಊರು ವಲಾಂಡಿಯ ಓಣಿಯಲ್ಲಿ ಯಾರು ಸಿಕ್ಕರೂ ಹೇಳಿದಳು.

"ನನ ತಮ್ಮ ಹ್ವಾದ. ಆಕಿ ಕಣ್ಣಾಗ ಒಂದು ಹನಿ ಬರಲಿಲ್ಲ ನೋಡ್ರಿ. ಹೆಣ್ಣಲ್ಲ ಅದು, ಬೀಸೋ ಕಲ್ಲು."

ಮಾಣಿಕಬಾಯಿ ಸತ್ತ ದಿಗಂಬರನ ಅಕ್ಕ. ಅವಳನ್ನು ಊರಲ್ಲೇ ಕೊಟ್ಟಿದ್ದರು, ಮೂರು ಮನೆ ಆಚೆ. (ಮೂರು ಊರು ಆಚೆ ಕೊಟ್ಟಿದ್ದರೆ ಚಂಪಾಬಾಯಿಯ ಆಯುಷ್ಯ ಹತ್ತು ವರ್ಷ ಹೆಚ್ಚಾಗುತ್ತಿತ್ತು.)

ಅಳಲಿಲ್ಲ ಎಂಬುದು ಸುಳ್ಳಲ್ಲ. ಅದಕ್ಕೆ ಕಾರಣ ಇತ್ತು. ಯಾರೂ ಕೇಳಲಿಲ್ಲ, ಚಂಪಾಬಾಯಿ ಹೇಳಲಿಲ್ಲ.

ಅವರದು ಲಿಂಗವಂತರ ಮನೆ. ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ದಿಗಂಬರ ಬೆಳಿಗ್ಗೆ ಎಮ್ಮೆಗೆ ಮೇವು ಹಾಕಿ ಬಂದು, ಎದೆ ಉಜ್ಜಿಕೊಂಡು, "ಯಾಕೋ ಕಸಿವಿಸಿ ಆಗ್ಲತ್ತದ" ಎಂದವನು ಮತ್ತೆ ಮಾತಾಡಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮೈ ತೊಳೆದು, ವಿಭೂತಿ ಬಳಿದು, ರುಮಾಲು ಸುತ್ತಿ ಪಡಸಾಲೆಯ ಕಂಬಕ್ಕೆ ಒರಗಿಸಿ ಕೂಡಿಸಿದರು. ತಲೆ ನಿಲ್ಲಲೆಂದು ಹಣೆಗೆ ಬಟ್ಟೆ ಸುತ್ತಿ ಕಂಬಕ್ಕೆ ಕಟ್ಟಿದರು. ಕಟ್ಟಿದವರು ಗಂಡಸರು. ಐದು ನಿಮಿಷಕ್ಕೆ ಗಂಟು ಸಡಿಲವಾಯಿತು, ತಲೆ ಬಲಕ್ಕೆ ವಾಲಿತು. ಮತ್ತೆ ಕಟ್ಟಿದರು. ಮತ್ತೆ ವಾಲಿತು. (ಬದುಕಿದ್ದಾಗಲೂ ಊಟವಾದ ಮೇಲೆ ಆ ತಲೆ ಹೀಗೇ ವಾಲುತ್ತಿತ್ತು.) ಕೊನೆಗೆ ಚಂಪಾಬಾಯಿ ಕಂಬದ ಹಿಂದೆ ಹೋಗಿ ನಿಂತು, ಎರಡೂ ಕಡೆಯಿಂದ ಕೈ ಚಾಚಿ ಗಂಡನ ತಲೆ ಹಿಡಿದುಕೊಂಡಳು. ಹತ್ತರಿಂದ ನಾಲ್ಕರವರೆಗೆ, ಎತ್ತುವ ತನಕ, ಹಿಡಿದೇ ಇದ್ದಳು.

ಮುಂದೆ ಕುಳಿತ ಮಾಣಿಕಬಾಯಿ ಎದೆ ಬಡಿದುಕೊಂಡು, ಹಾಡಿ ಹಾಡಿ ಅತ್ತಳು. ಬಂದವರೆಲ್ಲ ಅವಳನ್ನೇ ತಬ್ಬಿ ಸಮಾಧಾನ ಮಾಡಿದರು. ಕಂಬದ ಹಿಂದೆ ಇದ್ದವಳ ಮುಖ ಯಾರಿಗೂ ಕಾಣಲಿಲ್ಲ. ಅವಳಿಗೂ ಗಂಡನ ಮುಖ ಕಾಣಲಿಲ್ಲ. ಕಂಡದ್ದು ಕಂಬ. ಅದರಲ್ಲಿ ಅವನೇ ಹೊಡೆದ ಒಂದು ಮೊಳೆ.

ಎರಡೂ ಕೈ ಕೆಲಸದಲ್ಲಿದ್ದರೆ ಎದೆ ಬಡಿದುಕೊಳ್ಳುವುದು ಯಾವ ಕೈಯಿಂದ?

ಹೀಗೆ ಹತ್ತು ತಿಂಗಳು ಹೋದವು. ಆಮೇಲೆ ಯೋಗಿತಾ ಬಂದಳು.

ಯೋಗಿತಾ ಚಂಪಾಬಾಯಿಯ ತಮ್ಮನ ಮಗಳು. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಉದಗೀರಿನಲ್ಲಿ, ಮರಾಠಿಯಲ್ಲಿ. ಕನ್ನಡ ತಿಳಿಯುತ್ತದೆ, ಮಾತಾಡಿದರೆ ಅರ್ಧ ದಾರಿಯಲ್ಲಿ ಮರಾಠಿಗೆ ಇಳಿಯುತ್ತಾಳೆ. ಸೋದರತ್ತೆಯನ್ನೂ ಮರಾಠಿಯವರಂತೆ ಆತ್ಯಾ ಎಂದೇ ಕರೆಯುತ್ತಾಳೆ. ಕಾಲೇಜಿನ ಕೊನೆಯ ವರ್ಷ. ಹತ್ತು ನಿಮಿಷದ ಒಂದು ಸಿನಿಮಾ ಮಾಡಿ ಮುಂದಿನ ಸೋಮವಾರ ಮಾಸ್ತರರಿಗೆ ಒಪ್ಪಿಸಬೇಕು, ಇಲ್ಲದಿದ್ದರೆ ನಾಪಾಸು. ಕಥೆ ಸಣ್ಣದು. ಒಬ್ಬ ಮುದುಕ ರೈತ ಸಾಯುತ್ತಾನೆ, ಅವನ ಹೆಂಡತಿ ಅಳುತ್ತಾಳೆ. ಅಷ್ಟೇ. (ಇದಕ್ಕೆ ಮೂರು ವರ್ಷ ಓದಬೇಕೇ ಎಂದು ಚಂಪಾಬಾಯಿ ಕೇಳಲಿಲ್ಲ. ಮನೆಗೆ ಬಂದ ಮಕ್ಕಳು.) ಕಂಬದ ಪಡಸಾಲೆ ಇರುವ ಮನೆ ಬೇಕಿತ್ತು, ಅದಕ್ಕೇ ಇಲ್ಲಿಗೆ ಬಂದಿದ್ದರು.

ಜೊತೆಯಲ್ಲಿ ಇಬ್ಬರು. ಕ್ಯಾಮೆರಾ ಹಿಡಿಯುವ ನೀಲೇಶ, ಲಾತೂರಿನ ಹುಡುಗ. ಅವನಿಗೆ ಕನ್ನಡ ಒಂದಕ್ಷರವೂ ಬಾರದು. ಇನ್ನೊಬ್ಬಳು ಸ್ವಪ್ನಾಲಿ. ಕಿವಿಯ ಮೇಲೆ ಎರಡು ದೊಡ್ಡ ಬಟ್ಟಲು ಕವುಚಿಕೊಂಡು ಎಲ್ಲರ ದನಿ ಹಿಡಿಯುವವಳು.

ಸಾಮಾನು ಇಳಿಸಿ ಇನ್ನೂ ಚಹಾ ಕುಡಿದಿರಲಿಲ್ಲ, ಯೋಗಿತಾಳ ಫೋನು ಬಡಿಯಿತು. ಹೆಂಡತಿಯ ಪಾತ್ರಕ್ಕೆ ಗೊತ್ತು ಮಾಡಿದ್ದ ನಾಟಕದ ಹೆಂಗಸು ಬರುವುದಿಲ್ಲವಂತೆ. ಸೊಸೆಗೆ ಬೇನೆ ಶುರುವಾಗಿದೆ. ಯೋಗಿತಾ ಪಡಸಾಲೆಯ ಮೆಟ್ಟಿಲ ಮೇಲೆ ಕುಸಿದಳು.

"ಸಂಪಲಂ ಆತ್ಯಾ. ಎಲ್ಲಾ ಮುಗೀತು. ಈಗ ಅಳೋರ ಯಾರು?"

ಚಂಪಾಬಾಯಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಒಂದು ದಿವ್ಯಜ್ಯೋತಿ ಬೆಳಗಿತು.

"ಈ ಸಿನಿಮಾ ಮೊಬೈಲದಾಗ ಬರ್ತದೇನು?"

"ಬರ್ತದ."

"ಎಲ್ಲಾರ ಮೊಬೈಲದಾಗ?"

"ಹೂಂ ಆತ್ಯಾ, ಎಲ್ಲಾರ."

"ಮಾಣಿಕಕ್ಕನ ಮೊಬೈಲದಾಗ?"

"ಹಾಕಿಕೊಟ್ರ ಬರ್ತದ. ಯಾಕ?"

"ಹಂಗಾರ ನಾ ಅಳ್ತೀನಿ."

ಯೋಗಿತಾ ಅನುಮಾನದಿಂದ ನೋಡಿದಳು. "ನಿನಗ ಆಗ್ತದೇನು? ಅದು ಆ್ಯಕ್ಟಿಂಗ್ ಅದ ಆತ್ಯಾ."

"ಯಾಕ ಆಗಂಗಿಲ್ಲ? ಆ ನಾಟಕದಾಕಿ ಗಂಡ ಗುಂಡಕಲ್ಲಿನಂಗ ಕುಂತಾನ ಮನ್ಯಾಗ. ಗಂಡ ಸತ್ತಾಕಿ ನಾ ಇದ್ದೀನಿ. ಯಾರಿಗಿ ಅನುಭವ ಜಾಸ್ತಿ ಅದ?"

 ಯೋಗಿತಾ ಒಪ್ಪಿದಳು.

ಹೆಣವಾಗಲು ಗುರುಲಿಂಗಪ್ಪ ಬಂದಿದ್ದ. ದಿಗಂಬರನ ಜೀವದ ಗೆಳೆಯ, ಚಂಪಾಬಾಯಿಯನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವವನು. ನಲವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕುಳಿತು ಒಂದೇ ಚಂಚಿಯ ತಂಬಾಕು ತಿಂದವರು. ಕೇಳಿದ ಕೂಡಲೇ ಹೂಂ ಎಂದಿದ್ದ. "ಮಾತಾಡೋದಿಲ್ಲ, ಎದ್ದು ಓಡಾಡೋದಿಲ್ಲ. ಇಂಥ ಕೆಲಸ ನನಗ ಹುಟ್ಟಿದಾಗಿಂದ ಯಾರೂ ಕೊಟ್ಟಿದ್ದಿಲ್ಲ ನೋಡ್ರಿ ವೈನಿ." ಬಂದದ್ದು ಪ್ಯಾಂಟು ಶರ್ಟಿನಲ್ಲಿ. ರೈತ ಹೀಗೆ ಸತ್ತರೆ ಆದೀತೇ? ಚಂಪಾಬಾಯಿ ಒಳಗೆ ಹೋಗಿ ಟ್ರಂಕು ತೆಗೆದು, ದಿಗಂಬರನ ಧೋತರ, ಅಂಗಿ, ರುಮಾಲು ತಂದುಕೊಟ್ಟಳು. ಕೊಡುವಾಗ ಏನೂ ಅನಿಸಲಿಲ್ಲ. ಬಟ್ಟೆ ಬಟ್ಟೆಯೇ.

ಮೊದಲನೆಯ ವಿಘ್ನ ಅಲ್ಲಿಂದಲೇ ಶುರು. ನೀಲೇಶ ಪಡಸಾಲೆಯಲ್ಲಿ ಚಾಪೆ ಹಾಸಿ ಗುರುಲಿಂಗಪ್ಪನನ್ನು ಉದ್ದಕ್ಕೆ ಮಲಗಿಸಿದ. ಗುರುಲಿಂಗಪ್ಪನೂ ಸುಖವಾಗಿ ಮಲಗಿದ. ಚಂಪಾಬಾಯಿ ನೋಡಿ ಹೌಹಾರಿದಳು.

"ಏ, ಏಳ್ರಿ! ಇದೇನು ಮಾಡ್ಲತ್ತೀರಿ?"

"ಸತ್ತೀನಿ ವೈನಿ."

"ಹಿಂಗ ಮಲ್ಕೊಂಡು ಸಾಯ್ತಾರೇನು? ನಮ್ಮೋರು ಮಲಗೋದು ಬದುಕಿದ್ದಾಗಷ್ಟೇ. ಸತ್ತ ಮ್ಯಾಲ ಎದ್ದು ಕುಂದ್ರತಾರ."

ನೀಲೇಶನಿಗೆ ಯೋಗಿತಾ ಇದನ್ನು ಮರಾಠಿಯಲ್ಲಿ ಹೇಳಿದಳು. ಅವನ ಬಾಯಿ ತೆರೆದೇ ಉಳಿಯಿತು. ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ, ಇಟ್ಟಿಗೆ ಇಟ್ಟು, ಒಂದು ಗಂಟೆ ಬೆವರು ಸುರಿಸಿದ್ದ. ಮಲಗಿದರೇನೇ ಸತ್ತಂತೆ ಕಾಣುತ್ತದೆ, ಕೂತರೆ ಪಂಚಾಯಿತಿ ಮಾಡುವವನಂತೆ ಕಾಣುತ್ತದೆ ಎಂದು ವಾದಿಸಿದ. ಚಂಪಾಬಾಯಿ ಕೇಳಲಿಲ್ಲ. ಮಾಣಿಕಬಾಯಿ ನೋಡುವ ಸಿನಿಮಾದಲ್ಲಿ ಹೆಣ ತಪ್ಪಾಗಿ ಇದ್ದರೆ ಅಳು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಕ್ಯಾಮೆರಾ ಮೇಲೆದ್ದಿತು. ಗುರುಲಿಂಗಪ್ಪ ವಿಭೂತಿ ಬಳಿದುಕೊಂಡು ಕಂಬಕ್ಕೆ ಒರಗಿ ಪದ್ಮಾಸನ ಹಾಕಿದ, ಹಣೆಗೆ ಬಟ್ಟೆ ಸುತ್ತಿ ಕಟ್ಟಿದರು. ಕೈಯಲ್ಲಿ ಇಷ್ಟಲಿಂಗ ಹಿಡಿಯಬೇಕಲ್ಲ? ಆಟಕ್ಕೆ ಲಿಂಗ ಹಿಡಿಯುವುದಿಲ್ಲ ಎಂದು ಅವನು ಹಟ ಹಿಡಿದ. ಕೊನೆಗೆ ಅಂಗೈಯಲ್ಲಿ ಒಂದು ಲಿಂಬೆಕಾಯಿ ಇಟ್ಟು ಮೇಲೆ ಬಟ್ಟೆ ಮುಚ್ಚಿದರು.

ಸ್ವಪ್ನಾಲಿ ಬಂದು ಚಂಪಾಬಾಯಿಯ ಸೆರಗಿನ ಒಳಗೆ, ಎದೆಯ ಮೇಲೆ, ಉಗುರಿನಷ್ಟು ಸಣ್ಣ ಮೈಕು ಚುಚ್ಚಿದಳು. ಇಷ್ಟು ಸಣ್ಣದರಲ್ಲಿ ಅಷ್ಟು ದೊಡ್ಡ ದುಃಖ ಹೇಗೆ ಹಿಡಿಸುತ್ತದೆ ಎಂದು ಚಂಪಾಬಾಯಿಗೆ ಆಶ್ಚರ್ಯ.

"ಆತ್ಯಾ, ಈಗ ಡೈಲಾಗ್ ಹೇಳು. ಮಲಾ ಸೋಡೂನ ಕುಠಂ ಗೇಲಾತ?"

ನನ್ನ ಬಿಟ್ಟು ಎಲ್ಲಿಗೆ ಹೋದಿರಿ ಎಂದು ಅರ್ಥ. ಚಂಪಾಬಾಯಿ ಗಂಟಲು ಸರಿಮಾಡಿಕೊಂಡು ಹೇಳಿದಳು. ದೇವಣಿಯ ಬಸ್ಸು ಎಷ್ಟಕ್ಕೆ ಹೋಯಿತು ಎಂದು ಕಂಡಕ್ಟರನನ್ನು ಕೇಳಿದಂತೆ ಇತ್ತು. ಮತ್ತೊಮ್ಮೆ ಹೇಳಿದಳು. ಈ ಸಲ ಬಸ್ಸು ತಪ್ಪಿದ ಸಿಟ್ಟೂ ಸೇರಿತು. ಹೆಣ ನಕ್ಕಿತು.

"ಗುರುಲಿಂಗಣ್ಣಾ, ನೀವು ಸತ್ತೀರಿ. ನಗಬ್ಯಾಡ್ರಿ."

"ಆಕಿ ಹಂಗ ಕೇಳಿದ್ರ ಸತ್ತಾವಾ ಭೀ ನಗ್ತಾನ ತಂಗಿ."

ಚಂಪಾಬಾಯಿ ಮೈಕಿನ ಕಡೆ ಬಗ್ಗಿ ಹೇಳಿದಳು, "ಯೋಗಿತಾ, ಮರಾಠಿಯಾಗ ನನಗ ಬಜಾರ ಮಾಡ್ಲಾಕ ಬರ್ತದ. ಜಗಳಾ ಮಾಡ್ಲಾಕ ಬರ್ತದ. ಅಳ್ಲಾಕ ಬರಂಗಿಲ್ಲವ್ವ."

ಮೂವರೂ ಮೂಲೆಗೆ ಹೋಗಿ ಗುಸುಗುಸು ಮಾಡಿದರು. ಆಯಿತು, ಕನ್ನಡದಲ್ಲಿ ಅಳಲಿ, ಕೆಳಗೆ ಮರಾಠಿ ಅಕ್ಷರ ಹಾಕಿದರಾಯಿತು ಎಂದು ತೀರ್ಮಾನವಾಯಿತು.

ಭಾಷೆ ಬದಲಾಯಿತು, ಕಣ್ಣೀರು ಬರಲಿಲ್ಲ. ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದರು. ನಲವತ್ತು ವರ್ಷ ದಿನಾ ಈರುಳ್ಳಿ ಹೆಚ್ಚಿದ ಕಣ್ಣು, ಗುರುತಿನವರನ್ನು ಕಂಡಂತೆ ಸುಮ್ಮನಿತ್ತು. ಪಕ್ಕದಲ್ಲಿದ್ದ ನೀಲೇಶ ಮಾತ್ರ ಧಾರಾಕಾರ ಅತ್ತ. ಯೋಗಿತಾ ಒಂದು ಸೀಸೆಯಿಂದ ಏನೋ ಹನಿ ಹಾಕಿದಳು. ಕಣ್ಣು ಕೆಂಪಾಯಿತು, ಮುಖ ಕಣ್ಣಿಗೆ ಮದ್ದು ಹಾಕಿಸಿಕೊಂಡವರ ಮುಖದಂತಾಯಿತು. ಅಷ್ಟರಲ್ಲಿ ಹೆಣದ ಅಂಗಿಯ ಜೇಬಿನಲ್ಲಿ ಫೋನು ಬಡಿಯಿತು. ಹೆಣ ಕಣ್ಣು ತೆರೆಯದೆ ಫೋನು ತೆಗೆದು, "ಆಮ್ಯಾಲ ಮಾಡ್ತೀನಿ, ಈಗ ಸತ್ತೀನಿ" ಎಂದಿತು. ಆಚೆ ಇದ್ದವರು ಯಾರೋ ಹೋ ಎಂದು ಕಿರುಚಿದ್ದು ಪಡಸಾಲೆಗೆಲ್ಲ ಕೇಳಿಸಿತು. ಅವರನ್ನು ನಂಬಿಸುವುದಕ್ಕೆ ಅರ್ಧ ಗಂಟೆ ಹೋಯಿತು.

ಮಧ್ಯಾಹ್ನ ಮೂರಾಯಿತು. ಬಿಸಿಲು ಪಡಸಾಲೆಯ ಅಂಚಿಗೆ ಬಂತು. ಇನ್ನು ಒಂದು ತಾಸಿಗೆ ಪಡಸಾಲೆಯಿಂದ ಬೆಳಕು ಸರಿಯುತ್ತದೆ ಎಂದು ನೀಲೇಶ ಗೊಣಗಿದ. ಯೋಗಿತಾಳ ಕಣ್ಣು ಈರುಳ್ಳಿ ಇಲ್ಲದೆಯೇ ತುಂಬಿತ್ತು.

"ಆತ್ಯಾ, ಕಡೀ ಸಲ. ಹಾಂ?"

ಗುರುಲಿಂಗಪ್ಪನ ಹಣೆಯ ಬಟ್ಟೆ ಸಡಿಲವಾಗಿತ್ತು. ಬೆಳಗಿನಿಂದ ಕೂತು ಕೂತು ಅವನಿಗೂ ತೂಕಡಿಕೆ. ತಲೆ ಬಲಕ್ಕೆ ವಾಲಿತು. ಚಂಪಾಬಾಯಿ ಯಾರಿಗೂ ಹೇಳದೆ ಎದ್ದು, ನೇರ ಕಂಬದ ಹಿಂದೆ ಹೋಗಿ, ಎರಡೂ ಕಡೆಯಿಂದ ಕೈ ಹಾಕಿ ತಲೆ ಹಿಡಿದುಕೊಂಡು ನಿಂತಳು.

"ಆತ್ಯಾ! ಹಿಂದ ಯಾಕ ಹೋದಿ? ಮಾರಿ ಕಾಣಂಗಿಲ್ಲ. ಮುಂದ ಬಾ."

"ತಲಿ ಯಾರು ಹಿಡೀಬೇಕು?"

"ನನ ತಲಿ ನಾನೇ ಹಿಡಿತೀನಿ ವೈನಿ," ಎಂದ ಗುರುಲಿಂಗಪ್ಪ, ಮೆಲ್ಲಗೆ. "ನೀವು ಹೋಗ್ರಿ. ಮುಂದ ಹೋಗಿ ಕುಂದ್ರಿ."

ಅವನಿಗೆ ನೆನಪಿತ್ತು. ಅವತ್ತು ಆ ಬಟ್ಟೆ ಕಟ್ಟಿದವರಲ್ಲಿ ಅವನೂ ಒಬ್ಬ.

ಚಂಪಾಬಾಯಿ ಕೈ ಬಿಟ್ಟಳು. ಕಂಬ ಸುತ್ತಿ ಬಂದು ಮುಂದೆ ಕುಳಿತಳು. ಕುಳಿತು ತಲೆ ಎತ್ತಿ ನೋಡಿದಳು.

ವಿಭೂತಿ ಬಳಿದ ಹಣೆ. ಮುಚ್ಚಿದ ಕಣ್ಣು. ಆ ರುಮಾಲು. ಆ ಅಂಗಿ, ಎರಡನೆಯ ಗುಂಡಿ ಅವಳೇ ಬೇರೆ ಬಣ್ಣದ ದಾರದಿಂದ ಹಚ್ಚಿದ್ದು. ಅವತ್ತು ಊರೆಲ್ಲ ಬಂದು ನೋಡಿ ಕೈ ಮುಗಿದು ಹೋಗಿತ್ತು. ನೋಡದೆ ಉಳಿದವಳು ಅವಳೊಬ್ಬಳೇ. ಹೀಗೆ ಕೂತಿದ್ದನೇ? ಇಷ್ಟು ಸುಮ್ಮನೆ?

ಅವಳು ಕ್ಯಾಮೆರಾ ಮರೆತಳು. ಮಾಣಿಕಬಾಯಿಯನ್ನೂ ಮರೆತಳು. ಬಾಯಿಂದ ಬಂದದ್ದು ಯೋಗಿತಾ ಬರೆದದ್ದಲ್ಲ, ಹೆಂಗಸರು ಹಾಡಿ ಅಳುವ ಮಾತೂ ಅಲ್ಲ.

"ಕುತ್ತಿಗಿ ನೋಯ್ತದೇನ್ರಿ?" ಎಂದಳು. "ಏನ್ರಿ, ಕುತ್ತಿಗಿ ನೋಯ್ತದೇನ್ರಿ?"

ಅದನ್ನೇ ಹೇಳಿದಳು. ಮತ್ತೆ ಮತ್ತೆ ಅದನ್ನೇ. ಎರಡೂ ಕೈ ಖಾಲಿ ಇದ್ದವು. ಎದೆ ಬಡಿದುಕೊಂಡಳು. ಹತ್ತು ತಿಂಗಳ ಬಾಕಿ ಎಲ್ಲ ಒಮ್ಮೆಲೇ ಬಡಿದುಕೊಂಡಳು.

ಹೆಣದ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. "ನೋಯ್ತದ ವೈನಿ," ಎಂದಿತು ಹೆಣ.

ಯೋಗಿತಾ ಕಟ್ ಎನ್ನುವುದನ್ನು ಮರೆತಳು. ನೀಲೇಶ ಕನ್ನಡ ಬಾರದಿದ್ದರೂ ಮೂಗು ಒರೆಸಿಕೊಂಡ. ಅಷ್ಟರಲ್ಲಿ ಸ್ವಪ್ನಾಲಿ ಕಿವಿಯ ಬಟ್ಟಲು ಕಿತ್ತು ಎಸೆದು ಎರಡೂ ಕಿವಿ ಹಿಡಿದುಕೊಂಡಳು.

"ಏನಾತು?"

"ಕಾಹೀ ನಾಹೀ ಆಲಂ!" ಎಂದು ಸ್ವಪ್ನಾಲಿ ಅಳುದನಿಯಲ್ಲಿ ಹೇಳಿದಳು. ಏನೂ ಬಂದಿಲ್ಲ. ಎದೆಯ ಮೇಲೆ ಮೈಕು. ಮೈಕಿನ ಮೇಲೆ ಎರಡು ಕೈಯ ಪೆಟ್ಟು. ಅವಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಗುಡುಗು. ಹಚ್ಚಿ ಕೇಳಿಸಿದಳು. ದಡ್, ದಡ್, ದಡ್. ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಒಳಗೆ ಯಾರೂ ತೆಗೆಯುತ್ತಿಲ್ಲ, ಹಾಗೆ.

ಚಿತ್ರ ಚಂದ ಬಂದಿತ್ತು. ದನಿ ಇಲ್ಲ.

ಯೋಗಿತಾ ಹತ್ತಿರ ಬಂದು ಬಹಳ ಮೆಲ್ಲಗೆ ಕೇಳಿದಳು. "ಆತ್ಯಾ... ಒನ್ ಮೋರ್?"

ಚಂಪಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಏನ ಒನ್ ಮೋರ್? ಗಂಡ ಎಷ್ಟು ಸಲ ಸಾಯ್ತಾನ?"

ಎರಡು ದಿನ ಬಿಟ್ಟು ಯೋಗಿತಾ ಒಬ್ಬಳೇ ಮೈಕು ಹಿಡಿದು ವಲಾಂಡಿಗೆ ಬಂದಳು. ಬರೀ ದನಿ ಸಾಕು, ಅದನ್ನು ಚಿತ್ರದ ಮೇಲೆ ಕೂಡಿಸುತ್ತೇನೆ ಎಂದಳು. ಕಾಳಿನ ಕೋಣೆಯ ನಾಲ್ಕೂ ಕಡೆ ಕೌದಿ ನೇತುಹಾಕಿ, ತೊಗರಿ ಚೀಲದ ಮೇಲೆ ಚಂಪಾಬಾಯಿಯನ್ನು ಕೂಡಿಸಿ, ಅಳು ಎಂದಳು. ಚಂಪಾಬಾಯಿ ಮನಸ್ಸಿಟ್ಟು ಪ್ರಯತ್ನ ಮಾಡಿದಳು. "ಅಯ್ಯೋ ನನ ರಾಜಾ" ಎಂದು ಶುರು ಮಾಡಿದಳು. ಬದುಕಿದ್ದಾಗ ಒಮ್ಮೆಯೂ ರಾಜಾ ಎಂದವಳಲ್ಲ, ಅವಳಿಗೇ ನಗು ಬಂತು. ಮತ್ತೊಮ್ಮೆ ಅಳಲು ಹೋದರೆ ಎಮ್ಮೆ ಕರೆದಂತಾಯಿತು. ಹಿತ್ತಲಲ್ಲಿ ಎಮ್ಮೆ ಓಗೊಟ್ಟಿತು. ಸಂಜೆ ನಾಲ್ಕರವರೆಗೆ ನೋಡಿ ಯೋಗಿತಾ ಸಪ್ಪೆ ಮುಖ ಹೊತ್ತು ಬಸ್ಸಿಗೆ ಹೊರಟಳು.

ಆಮೇಲೆ ಏನು ಮಾಡಿದಳೋ ತಿಳಿಯದು. ಮಂಗಳವಾರ ಫೋನು ಬಂತು. ಸಿನಿಮಾ ಒಪ್ಪಿಸಿದ್ದಾಯಿತು, ಮಾಸ್ತರರು ನೋಡಿ ಕಣ್ಣೊರೆಸಿಕೊಂಡರು, ಪಾಸಾದೆ. ಇದೇ ರವಿವಾರ ಬರುತ್ತೇನೆ, ಊರವರನ್ನೆಲ್ಲ ಕರೆ.

ಚಂಪಾಬಾಯಿ ಎಲ್ಲರನ್ನೂ ಕರೆದಳು. ಮಾಣಿಕಬಾಯಿಯ ಮನೆಗೆ ತಾನೇ ಹೋಗಿ ಕರೆದಳು. "ಅಕ್ಕೋರೆ, ಮುಂದ ಕುಂದ್ರಬೇಕು ನೀವು. ಮುಂದ." ಮಾಣಿಕಬಾಯಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. (ಅವಳು ಸುಮ್ಮನಾದದ್ದನ್ನು ಚಂಪಾಬಾಯಿ ಆಗಲೇ ಗಮನಿಸಬೇಕಿತ್ತು.)

ಪಡಸಾಲೆಯಲ್ಲಿ ಟಿವಿ ಇಟ್ಟು ಅದಕ್ಕೆ ಯೋಗಿತಾ ತನ್ನ ಕಂಪ್ಯೂಟರು ಜೋಡಿಸಿದಳು. ಮೂವತ್ತು ಜನ ಸೇರಿದ್ದರು. ಕಂಬಕ್ಕೆ ಒರಗಿ ಕೂತ ಗುರುಲಿಂಗಪ್ಪ ತೆರೆಯ ಮೇಲೆ ಕಂಡ. ಬರೋಬರ ಕೂಡಿಸ್ಯಾರ ಎಂದರು ಹಿರಿಯರು. ಚಂಪಾಬಾಯಿಯ ಮುಖ ತೆರೆ ತುಂಬ ಬಂತು. ಕಣ್ಣಿಂದ ನೀರು ಬಳಬಳ. ಹೆಂಗಸರು ಸೆರಗು ಬಾಯಿಗೆ ಒಯ್ದರು. ತೆರೆಯ ಮೇಲಿನ ಚಂಪಾಬಾಯಿ ಬಾಯಿ ತೆರೆದಳು.

"ನನ ತಮ್ಮಾ... ನನ ದಿಗಂಬರಾ... ನಾ ತೊಟ್ಲಾ ತೂಗಿದ ತಮ್ಮಾ..."

ಮಾಣಿಕಬಾಯಿಯ ದನಿ.



"ಹುಣಸಿ ಗಿಡದಿಂದ ಬಿದ್ದು ಮೊಳಕಾಲ ಒಡ್ಕೊಂಡು ನನ ಉಡ್ಯಾಗ ಅತ್ತಾವಾ... ಅವ್ವಗ ಹೇಳಬ್ಯಾಡ ಅಕ್ಕಾ ಅಂದಾವಾ..."

ಕೆಳಗೆ ಮರಾಠಿ ಅಕ್ಷರದಲ್ಲಿ ಮಾತ್ರ ಯೋಗಿತಾ ಮೊದಲು ಬರೆದದ್ದೇ ಇತ್ತು, ನನ್ನ ಬಿಟ್ಟು ಎಲ್ಲಿಗೆ ಹೋದಿರಿ. ಕನ್ನಡ ಬಾರದ ಮಾಸ್ತರರು ಅದನ್ನು ಓದಿ ಅತ್ತಿದ್ದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಏ, ಗಂಡನ ತೊಟ್ಲಾ ತೂಗ್ಯಾಳಲ್ಲೋ ಈಕಿ!" ಅಷ್ಟು ಸಾಕಾಯಿತು. ಮೂವತ್ತು ಜನ ಹೊಟ್ಟೆ ಹಿಡಿದುಕೊಂಡರು. ಗುರುಲಿಂಗಪ್ಪ ನಗಬಾರದೆಂದು ರುಮಾಲು ಬಾಯಿಗೆ ತುರುಕಿಕೊಂಡ.

ಚಂಪಾಬಾಯಿ ನಗಲಿಲ್ಲ. ಗಂಡನ ಎಡ ಮೊಳಕಾಲಿನ ಕಲೆಗೆ ಚಳಿಗಾಲದಲ್ಲಿ ಎಣ್ಣೆ ಹಚ್ಚಿದವಳು ಅವಳು. ನಿಲಂಗಾದ ಕುಸ್ತಿಯಲ್ಲಿ ಒಬ್ಬ ಪೈಲವಾನನನ್ನು ಎತ್ತಿ ಒಗೆದಾಗ ಆದದ್ದು ಎಂದು ದಿಗಂಬರ ಹೇಳುತ್ತಿದ್ದ. ಪ್ರತಿ ಚಳಿಗಾಲ ಪೈಲವಾನ ಸ್ವಲ್ಪ ದೊಡ್ಡವನಾಗುತ್ತಿದ್ದ. ಹುಣಸೆ ಗಿಡವಂತೆ. ಅಳುತ್ತ ಬಂದನಂತೆ.

ಜನ ಹೋದ ಮೇಲೆ ಅವಳು ಯೋಗಿತಾಳ ಕಿವಿ ಹಿಡಿದಳು.

"ಆತ್ಯಾ, ಸೋಡ, ಬಿಡು! ನಾ ಏನ ಮಾಡ್ಲಿ? ಅವತ್ತ ಬಸ್ಸಿಗಿ ಹೊಂಟಿದ್ದೆ, ಈ ಮಾಣಿಕ ಮಾವಶಿ ಚಹಾಕ್ಕ ಕರದ್ಲು. ಅಳು ಸಿಗಲಿಲ್ಲಂತ ಹೇಳಿದೆ. ನಾ ಅಳ್ತೀನಿ ಬಾ ಅಂದ್ಲು. ಊರಾಗ ಎಲ್ಲಾರಿಗೂ ತಮ್ಮಾ ತಮ್ಮಾ ಅಂತೇ ಮಾತಾಡ್ಸತಾರಲ್ಲ, ಗಂಡಗೂ ಅಂತಾರ ಅನ್ಕೊಂಡೆ!"

ಮಾಣಿಕಬಾಯಿ ಹೋಗಿರಲಿಲ್ಲ. ಕಂಬದ ಬುಡದಲ್ಲಿ ಕೂತಿದ್ದಳು. ಚಂಪಾಬಾಯಿ ಅವಳ ಮುಂದೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಅಕ್ಕೋರೆ, ನನ ಬಾಯಾಗ ಬಂದು ಯಾಕ ಅತ್ತಿರಿ?"

"ನಿನ್ನ ಬಾಯಿ ಖಾಲಿ ಇತ್ತಂತಲ್ಲ."

"ತಮ್ಮಾ ಅಂದ್ರಿ! ತೊಟ್ಲಾ ತೂಗಿದೆ ಅಂದ್ರಿ! ಊರೆಲ್ಲಾ ನಗಲತ್ತದ."

"ತಮ್ಮಗ ತಮ್ಮಾ ಅನ್ಲಾರ್ದ ಏನನ್ಲಿ? ರೀ ಅನ್ಲೇನು?" ಮಾಣಿಕಬಾಯಿ ನೆಲ ನೋಡುತ್ತ ಹೇಳಿದಳು. "ಸಿನಿಮಾಕ್ಕಂತೇ ಕುಂತೆ ಖರೆ. ಆ ಹುಡುಗಿ ಮೈಕ್ ಹಿಡಿದು, ಅಳು ಮಾವಶಿ ಅಂದ್ಲು. ನನಗ ಯಾರು ಅಳು ಅಂತಾರ ಈಗ? ನನ ಸೊಸಿ ಅಂತಾಳ, ಸಾಕು ಮಾಡ್ರಿ, ಬಿ.ಪಿ. ಏರ್ತದ. ಮಗ ಅಂತಾನ, ಹತ್ತು ತಿಂಗಳಾತು ಬಿಡವ್ವ. ಆ ಹುಡುಗಿ ಒಬ್ಬಾಕೀನೇ ಅಳು ಅಂದ್ಲು. ಸಿನಿಮಾ ಪಿನಿಮಾ ಮರತೇ ಹ್ವಾತು."

ಚಂಪಾಬಾಯಿ ಸೊಂಟದ ಮೇಲಿನ ಕೈ ಇಳಿಸಿದಳು. ಪಕ್ಕದಲ್ಲಿ ಕೂತಳು.

"ಅಂವಾ ನನಗ ಕುಸ್ತಿ ಅಂತ ಹೇಳಿದ್ದ."

"ಯಾವ ಕುಸ್ತಿ? ಹುಣಸಿಕಾಯಿ ಕದೀಲಾಕ ಹೋಗಿದ್ದ."

 ಆಮೇಲೆ ಮಾಣಿಕಬಾಯಿ ಮೊಳಕಾಲ ಮೇಲೆ ಕೈ ಊರಿ ಎದ್ದಳು.

"ಚಂಪಾ, ಅವತ್ತ ನಿನ್ನ ಮಾರಿ ನನಗ ಕಂಡಿದ್ದಿಲ್ಲ. ಇವತ್ತ ಟಿವಿದಾಗ ಕಂಡ್ತು. ನಾಳಿಗಿ ಊರಾಗ ನಾನೇ ಹೇಳ್ತೀನಿ, ನನದು ತಪ್ಪಾಗ್ಯದಂತ. ನೀ ಚಿಂತಿ ಮಾಡಬ್ಯಾಡ."

ಚಂಪಾಬಾಯಿ ಅವತ್ತು ಹಗುರವಾಗಿ ಮಲಗಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ನಳಕ್ಕೆ ನೀರು ಬಂತು. ಚಂಪಾಬಾಯಿ ಕೊಡ ಹಿಡಿದು ಹೋದಳು. ಆರೇಳು ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಪಕ್ಕದ ಮನೆಯ ಸೊಸೆ ಸುವರ್ಣಾ ಅವಳ ಕೊಡ ಇಸಿದುಕೊಂಡು ತಾನೇ ನಳದ ಕೆಳಗೆ ಇಟ್ಟಳು.

"ಚಂಪಾಕಾಕು, ಮಾಣಿಕಕ್ಕೋರು ಮುಂಜಾನೆದ್ದು ಮನಿ ಮನಿಗಿ ಬಂದು ಹೇಳ್ಯಾರ್ರಿ. ನೀವು ಭಾಳ ಅತ್ತೀರಂತ."

ಹತ್ತು ತಿಂಗಳಲ್ಲಿ ಮೊದಲ ಸಲ ಚಂಪಾಬಾಯಿ ಓಣಿಯಲ್ಲಿ ತಲೆ ಎತ್ತಿದಳು. "ಹೂಂ," ಎಂದಳು.

"ಬರೇ ದನಿ ಹೊರಡಂಗಿಲ್ಲಂತ. ಗಂಟಲದಾಗ ಏನೋ ಬ್ಯಾನಿ ಅದಂತ. ಅದಕ್ಕೇ ಅವತ್ತ ಆಕಿ ಅತ್ತಿದ್ದು ನಮಗ ಕೇಳಿಸಿಲ್ಲ, ಸಿನಿಮಾದಾಗ ಭೀ ದನಿ ನಾನೇ ಕೊಡಬೇಕಾತು ಅಂದ್ರು. ಪಾಪ, ನಮಗ ಗೊತ್ತೇ ಇದ್ದಿದ್ದಿಲ್ಲ ನೋಡ್ರಿ. ಏನೇನೋ ಮಾತಾಡಿದೆವು."

"ನನ ಗಂಟಲಕ್ಕೇನಾಗ್ಯದ? ಬರೋಬರ ಅದ..."

"ಮಾತಾಡಬ್ಯಾಡ್ರಿ, ಮಾತಾಡಬ್ಯಾಡ್ರಿ! ತ್ರಾಸ ಆಗ್ತದ."

ಒಬ್ಬಳು ಶುಂಠಿ ಎಂದಳು. ಇನ್ನೊಬ್ಬಳು ಜ್ಯೇಷ್ಠಮಧು ಎಂದಳು. ಮತ್ತೊಬ್ಬಳು ತನ್ನ ಸೆರಗನ್ನೇ ಚಂಪಾಬಾಯಿಯ ಕೊರಳಿಗೆ ಸುತ್ತಲು ಬಂದಳು.

"ಉದಗೀರದಾಗ ಗಂಟಲದ ದೊಡ್ಡ ಡಾಕ್ಟರ ಅದಾನ," ಎಂದಳು ಸುವರ್ಣಾ. "ಕಾಕಾ ಇದ್ದಿದ್ರ ಇವತ್ತೇ ಗಾಡಿ ಮ್ಯಾಲ ಕೂಡಿಸ್ಕೊಂಡು ಒಯ್ತಿದ್ರು ನಿಮ್ಮನ್ನ."

ಚಂಪಾಬಾಯಿ ಬಾಯಿ ತೆರೆದಳು. ಯಾವ ಬೇನೆಯೂ ಇಲ್ಲ, ಗಂಟಲು ನೆಟ್ಟಗಿದೆ ಎಂದು ಹೇಳಬೇಕಿತ್ತು. ನಿಜ, ದಿಗಂಬರ ಒಯ್ಯುತ್ತಿದ್ದ. ಒಂದು ಸೀನು ಸೀನಿದರೂ ಒಯ್ಯುತ್ತಿದ್ದ. ದಾರಿಯುದ್ದ ಬೈಯುತ್ತ ಒಯ್ಯುತ್ತಿದ್ದ. ತೆರೆದ ಬಾಯಿ ತೆರೆದೇ ಉಳಿಯಿತು. ಕಣ್ಣಿಂದ ನೀರು ಇಳಿದು, ಗದ್ದಕ್ಕೆ ಬಂದು, ಹಗಲು ಬೆಳಕಿನಲ್ಲಿ, ಅಷ್ಟೂ ಜನರ ಎದುರಿಗೆ, ತೊಟ್ಟಿಕ್ಕಿತು. ಒಂದು ಸಪ್ಪಳ ಹೊರಡಲಿಲ್ಲ. ಕೊಡ ತುಂಬಿ ಹರಿಯುತ್ತಿತ್ತು, ಯಾರೂ ನಳ ಮುಚ್ಚಲಿಲ್ಲ.

ಸುವರ್ಣಾ ಅವಳ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ ಉಳಿದವರ ಕಡೆ ತಿರುಗಿ ತಲೆ ಆಡಿಸಿದಳು.

"ಖರೇನೇ ಹೇಳ್ಯಾರ ನೋಡ್ರಿ ಮಾಣಿಕಕ್ಕೋರು. ಜರಾನೂ ದನಿ ಇಲ್ಲ."